ಗೊತ್ತಿಲ್ಲದ್ದಕ್ಕೆ 400 ಕೋಟಿ ಡಾಲರ್

ಕೆಲವು ತಿಂಗಳ ಹಿಂದೆ ಒಂದು ಅನುವಾದದ ಕೆಲಸ ಬಂತು. ಡಾರ್ಕ್ ಎನರ್ಜಿಯ ಅಧ್ಯಯನಕ್ಕೆಂದು ನಾಸಾ ಕಟ್ಟಿದ ರೋಮನ್ ಬಾಹ್ಯಾಕಾಶ ಟೆಲಿಸ್ಕೋಪ್ ಬಗ್ಗೆ ಇಂಗ್ಲಿಷಿನಲ್ಲಿದ್ದ ಲೇಖನ. ಪದಕ್ಕಿಷ್ಟು ಎಂಬ ಲೆಕ್ಕ, ನಾಲ್ಕು ದಿನದ ಗಡುವು. ಕಳಿಸಿದ ಮರುದಿನವೇ ತಿದ್ದುಪಡಿಗಳೊಂದಿಗೆ ವಾಪಸು ಬಂತು. ನಾನು 'ಡಾರ್ಕ್ ಎನರ್ಜಿ' ಎಂದು ಹಾಗೇ ಬಿಟ್ಟಿದ್ದ ಕಡೆಯೆಲ್ಲ 'ಕರಾಳ ಶಕ್ತಿ' ಆಗಿತ್ತು. 'ಇದು ಏನೆಂದು ಯಾರಿಗೂ ಗೊತ್ತಿಲ್ಲ' ಎಂಬ ವಾಕ್ಯ ಹೋಗಿ 'ವಿಜ್ಞಾನಿಗಳು ರಹಸ್ಯ ಭೇದಿಸುವ ಹಂತದಲ್ಲಿದ್ದಾರೆ' ಎಂದು ಕೂತಿತ್ತು. ಜೊತೆಗೊಂದು ಬೇಡಿಕೆ: ಕೊನೆಯಲ್ಲಿ 'ಜನಸಾಮಾನ್ಯರಿಗೆ ಇದರಿಂದೇನು ಲಾಭ' ಅಂತ ಒಂದು ಪ್ಯಾರಾ ಸೇರಿಸಿಕೊಡಿ, ಮೂಲದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.

ಈ ಮೂರೂ ಒಂದೇ ತಪ್ಪಿನ ಮೂರು ಮುಖ ಎನ್ನುವುದು ನನ್ನ ವಾದ. ಆ ತಪ್ಪು ನಮ್ಮ ಸಂಪಾದಕರೊಬ್ಬರದಷ್ಟೇ ಅಲ್ಲ. ಆ ಟೆಲಿಸ್ಕೋಪಿನ ಪರವಾಗಿ ಮಾತಾಡುವವರಲ್ಲೂ ಅರ್ಧಕ್ಕರ್ಧ ಜನ ಅದನ್ನೇ ಮಾಡುತ್ತಾರೆ.

ಮೊದಲು ಪದದ ವಿಚಾರ, ಯಾಕೆಂದರೆ ನನ್ನ ಹೊಟ್ಟೆಪಾಡು ಅದು. ಕಪ್ಪುಕುಳಿ ಎಂದರೆ ಸರಿ, ಅಲ್ಲಿಂದ ಬೆಳಕು ಬರುವುದಿಲ್ಲ. ಆದರೆ ಡಾರ್ಕ್ ಎನರ್ಜಿ ಕಪ್ಪಗಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ಅದರ ಆಚೆಗಿನ ಗೆಲಾಕ್ಸಿಗಳೆಲ್ಲ ನಮಗೆ ಕಾಣುತ್ತಲೇ ಇವೆ. ಮೈಕೆಲ್ ಟರ್ನರ್ ಎಂಬ ವಿಜ್ಞಾನಿ 1998ರಲ್ಲಿ ಈ ಹೆಸರು ಬಳಕೆಗೆ ತಂದರು. ಅದರಲ್ಲಿರುವ ಕತ್ತಲೆ ಆಕಾಶದ್ದಲ್ಲ, ನಮ್ಮ ತಲೆಯೊಳಗಿನದು. 'ಅಜ್ಞಾತ ಶಕ್ತಿ' ಎಂದರೆ ಒಪ್ಪುತ್ತಿದ್ದೆ. 'ಕರಾಳ' ಎಂದ ಕೂಡಲೇ ಅದಕ್ಕೊಂದು ಕೋರೆಹಲ್ಲು ಬಂತು. ಗೊತ್ತಿಲ್ಲದ್ದು ಹೋಗಿ ಭಯಂಕರವಾದದ್ದು ಬಂದು ಕೂತಿತು. ಭಯಂಕರವಾದದ್ದನ್ನು 'ಭೇದಿಸಬೇಕು', ಅಲ್ಲವೇ? ಎರಡನೆಯ ತಿದ್ದುಪಡಿ ಮೊದಲನೆಯದರ ಮಗು.

ಏನು ಗೊತ್ತು, ಏನು ಗೊತ್ತಿಲ್ಲ ನೋಡಿ. ದೂರದ ಬಲ್ಬು ಎಷ್ಟು ವ್ಯಾಟಿನದು ಎಂದು ತಿಳಿದಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದಲೇ ದೂರ ಲೆಕ್ಕ ಹಾಕಬಹುದು. ಟೈಪ್ ಒನ್ ಎ ಸೂಪರ್‌ನೋವಾ ಎಂಬ ನಕ್ಷತ್ರಸ್ಫೋಟ ಹೆಚ್ಚುಕಮ್ಮಿ ಅಂಥ ಬಲ್ಬು. 1998ರಲ್ಲಿ ಎರಡು ತಂಡಗಳು, ಒಂದರಲ್ಲಿ ಸಾಲ್ ಪರ್ಲ್‌ಮಟರ್, ಇನ್ನೊಂದರಲ್ಲಿ ಬ್ರಯನ್ ಶ್ಮಿಟ್ ಮತ್ತು ಆಡಂ ರೀಸ್, ದೂರದ ಸ್ಫೋಟಗಳನ್ನು ಅಳೆದರು. ಗುರುತ್ವ ಎಲ್ಲವನ್ನೂ ಒಳಗೆಳೆಯುವುದರಿಂದ ವಿಶ್ವ ಹಿಗ್ಗುವ ವೇಗ ಕಡಿಮೆಯಾಗುತ್ತಿರಬೇಕಿತ್ತು. ಆದರೆ ಸ್ಫೋಟಗಳು ನಿರೀಕ್ಷೆಗಿಂತ ಮಂಕಾಗಿದ್ದವು, ಎಂದರೆ ಇನ್ನೂ ದೂರದಲ್ಲಿದ್ದವು. ಹಿಗ್ಗುವ ವೇಗ ಹೆಚ್ಚುತ್ತಿತ್ತು. 2011ರಲ್ಲಿ ಈ ಮೂವರಿಗೆ ನೊಬೆಲ್ ಬಂತು. ವಿಶ್ವದ ಲೆಕ್ಕದಲ್ಲಿ ಶೇಕಡಾ 68ರಷ್ಟು ಈ ಹೆಸರಿನ ಕೆಳಗೆ ಬರುತ್ತದೆ. ನಕ್ಷತ್ರ, ಮಣ್ಣು, ನೀವು, ನಾನು ಎಲ್ಲ ಸೇರಿ ಸುಮಾರು 5. ಅದು ಐನ್‌ಸ್ಟೈನ್ 1917ರಲ್ಲಿ ಬರೆದ ಸ್ಥಿರಾಂಕವೇ, ಕಾಲ ಕಳೆದಂತೆ ಬದಲಾಗುವ ಬೇರೇನೋ, ಅಥವಾ ಗುರುತ್ವದ ಬಗ್ಗೆ ನಮ್ಮ ತಿಳಿವಳಿಕೆಯೇ ತಪ್ಪೇ? ಗೊತ್ತಿಲ್ಲ.

ಆ ಬಲ್ಬುಗಳು ದೂರ ಹೋದಷ್ಟೂ ಅವುಗಳ ಬೆಳಕು ಹಿಗ್ಗಿ ಇನ್‌ಫ್ರಾರೆಡ್ ಆಗುತ್ತದೆ. ನಮ್ಮ ವಾತಾವರಣ ತಾನೇ ಇನ್‌ಫ್ರಾರೆಡ್‌ನಲ್ಲಿ ಹೊಳೆಯುತ್ತದೆ. ಹಗಲಲ್ಲಿ ನಕ್ಷತ್ರ ಹುಡುಕಿದ ಹಾಗೆ. ಅದಕ್ಕೇ ಮೇಲೆ ಹೋಗಬೇಕು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ. ರೋಮನ್‌ನ ಕನ್ನಡಿ ಹಬಲ್‌ನದರಷ್ಟೇ, 2.4 ಮೀಟರ್. ಆದರೆ ಒಂದೇ ನೋಟದಲ್ಲಿ ಹಬಲ್‌ನ ಇನ್‌ಫ್ರಾರೆಡ್ ಕ್ಯಾಮೆರಾಕ್ಕಿಂತ ನೂರು ಪಟ್ಟಿಗೂ ಹೆಚ್ಚು ಆಕಾಶ ಹಿಡಿಯುತ್ತದೆ. ಹತ್ತಾರು ಸ್ಫೋಟಗಳ ಬದಲು ಸಾವಿರಾರು.

ನಾನಿರುವುದು ಪುಣೆಯಲ್ಲಿ. 2025ರ ಮೇನಲ್ಲಿ ಇಲ್ಲೇ ತೀರಿಕೊಂಡ ಜಯಂತ ನಾರಳೀಕರರು ಮಹಾಸ್ಫೋಟವನ್ನೂ ಒಪ್ಪಿದವರಲ್ಲ, ಈ ವೇಗವರ್ಧನೆಯನ್ನೂ ಒಪ್ಪಿದವರಲ್ಲ. ಗೆಲಾಕ್ಸಿಗಳ ನಡುವೆ ತೇಲುವ ಲೋಹದ ಸೂಕ್ಷ್ಮ ಎಳೆಗಳು ಸೂಪರ್‌ನೋವಾಗಳನ್ನು ಮಂಕಾಗಿಸುತ್ತಿರಬಹುದು ಎಂದು ಅವರೂ ಅವರ ಸಹೋದ್ಯೋಗಿಗಳೂ ವಾದಿಸಿದ್ದರು. ಬಹುತೇಕ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ, ನನಗೂ ಆ ಪಕ್ಷ ವಹಿಸುವ ಯೋಗ್ಯತೆಯಿಲ್ಲ. ಆದರೆ ಜಗಳವಾಡುವ ಎರಡೂ ಕಡೆಯವರಿಗೆ ಬೇಕಾದದ್ದು ಒಂದೇ: ಇನ್ನಷ್ಟು ಸ್ಫೋಟಗಳು, ಇನ್ನಷ್ಟು ನಿಖರವಾದ ಅಳತೆ. ಈ ಟೆಲಿಸ್ಕೋಪ್ ಯಾರ ಉತ್ತರವನ್ನೂ ಹೊತ್ತು ಹೋಗುತ್ತಿಲ್ಲ.

ಈಗ ಹಣಕ್ಕೆ ಬರೋಣ. ಬರ್ಕ್ಲಿಯ ವಿಜ್ಞಾನಿಗಳು 'ಸ್ನ್ಯಾಪ್' ಎಂಬ ಹೆಸರಿನಲ್ಲಿ ಇಂಥದ್ದೊಂದನ್ನು ಕೇಳಿದ್ದು ಆವಿಷ್ಕಾರದ ಬೆನ್ನಿಗೇ. ಅದು ಹೆಸರು ಬದಲಿಸಿತು, ಇಲಾಖೆಗಳ ನಡುವೆ ಓಡಾಡಿತು. 2010ರಲ್ಲಿ ಅಮೆರಿಕದ ಖಗೋಳವಿಜ್ಞಾನಿಗಳು ದಶಕಕ್ಕೊಮ್ಮೆ ಮಾಡುವ ಆದ್ಯತಾಪಟ್ಟಿಯಲ್ಲಿ ಹೊಸ ರೂಪದಲ್ಲಿ, ದೊಡ್ಡ ಬಾಹ್ಯಾಕಾಶ ಯೋಜನೆಗಳ ಪೈಕಿ ಮೊದಲ ಸ್ಥಾನಕ್ಕೆ ಬಂತು. 2018, 2019, 2020: ಸತತ ಮೂರು ವರ್ಷ ಟ್ರಂಪ್ ಸರ್ಕಾರ ಇದನ್ನು ರದ್ದು ಮಾಡುವ ಬಜೆಟ್ ಮಂಡಿಸಿತು, ಪ್ರತಿಸಲವೂ ಸಂಸತ್ತು ಹಣ ಮರಳಿಸಿತು. 2025ರ ಪ್ರಸ್ತಾವದಲ್ಲಿ, ಬಹುಪಾಲು ಕಟ್ಟಿಯಾದ ಮೇಲೆ, ವರ್ಷದ ಹಣವನ್ನು ಯೋಜಿಸಿದ್ದರ ಅರ್ಧಕ್ಕಿಂತ ಕೆಳಗಿಳಿಸುವ ಮಾತು ಬಂತು. ಗೃಹಪ್ರವೇಶಕ್ಕೆ ಮುಂಚೆ ಛಾವಣಿ ಇಳಿಸಿದ ಹಾಗೆ. ಒಟ್ಟು ವೆಚ್ಚ 400 ಕೋಟಿ ಡಾಲರಿಗೂ ಮೀರುತ್ತದೆ. ದೊಡ್ಡ ಮೊತ್ತ, ಪ್ರಶ್ನೆ ಕೇಳಲೇಬೇಕು. 2017ರಲ್ಲಿ ಸ್ವತಂತ್ರ ಸಮಿತಿಯೊಂದು ಯೋಜನೆ ಊದಿಕೊಳ್ಳುತ್ತಿದೆ ಎಂದಾಗ ನಾಸಾ ಅದನ್ನು ಕತ್ತರಿಸಬೇಕಾಯಿತು. ಆ ಪ್ರಶ್ನೆ ನ್ಯಾಯವಾದದ್ದೇ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ರೋಮನ್‌ನ ಆ ದೊಡ್ಡ ಕನ್ನಡಿ ಎಲ್ಲಿಂದ ಬಂತು ಗೊತ್ತೇ? ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಸಂಸ್ಥೆಯೊಂದು 2012ರಲ್ಲಿ, ನಮಗೆ ಬೇಡವಾಗಿವೆ, ಬೇಕಿದ್ದರೆ ತಗೊಳ್ಳಿ ಎಂದು ಎರಡು ಟೆಲಿಸ್ಕೋಪುಗಳನ್ನು ನಾಸಾಕ್ಕೆ ಕೊಟ್ಟಿತು. ಒಂದಲ್ಲ, ಎರಡು. ಹಬಲ್‌ನಷ್ಟೇ ದೊಡ್ಡವು, ಆಕಾಶದಿಂದ ಭೂಮಿಯನ್ನು ನೋಡಲು ಮಾಡಿದವು, ಹಾರದೆ ಉಗ್ರಾಣದಲ್ಲಿ ಕೂತಿದ್ದವು. ಜನಸಾಮಾನ್ಯರಿಗೆ ಇವುಗಳಿಂದೇನು ಲಾಭ ಎಂದು ಒಂದು ಪ್ಯಾರಾ ಸೇರಿಸಿ ಎಂದು ಯಾರಾದರೂ ಯಾವ ಅನುವಾದಕನನ್ನಾದರೂ ಕೇಳಿದರೇ? ಇನ್ನೊಬ್ಬರ ಹಿತ್ತಿಲು ಇಣುಕಲು ಕೊಂಡ ಕನ್ನಡಿಗೆ ಸಮಜಾಯಿಷಿ ಬೇಡ. ಅದೇ ಗಾತ್ರದ ಕನ್ನಡಿಯನ್ನು ತಿರುಗಿಸಿ ಆಚೆ ನೋಡುತ್ತೇವೆ ಎಂದ ಕೂಡಲೇ ಬಡವರ ನೆನಪಾಗುತ್ತದೆ.

ಇದಕ್ಕಿಂತ ಬೇಸರ, ಪರವಾಗಿ ಮಾತಾಡುವವರದು. ಅವರ ಬಳಿ ಆ ಪ್ಯಾರಾ ಸಿದ್ಧವಾಗಿಯೇ ಇರುತ್ತದೆ. ಬಾಹ್ಯಾಕಾಶ ಸಂಶೋಧನೆಯಿಂದಲೇ ನಿಮ್ಮ ದೋಸೆ ಹೆಂಚಿಗೆ ಟೆಫ್ಲಾನ್ ಬಂತು, ಗೊತ್ತಾ? ಬರಲಿಲ್ಲ. ಟೆಫ್ಲಾನ್ ಹುಟ್ಟಿದ್ದು 1938ರಲ್ಲಿ, ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. ನಾಸಾ ಹುಟ್ಟಿದ್ದು 1958ರಲ್ಲಿ. ಮೊಬೈಲ್ ಕ್ಯಾಮೆರಾದ ಸೆನ್ಸರ್‌ಗೆ ನಾಸಾದ ಪ್ರಯೋಗಾಲಯದ ಕೆಲಸ ಮೂಲ ಎನ್ನುವುದು ನಿಜ. ಆದರೆ ಮೊಬೈಲ್ ಕ್ಯಾಮೆರಾ ಬೇಕಿದ್ದರೆ ಮೊಬೈಲ್ ಕ್ಯಾಮೆರಾವನ್ನೇ ಮಾಡಬಹುದು, 15 ಲಕ್ಷ ಕಿಲೋಮೀಟರ್ ಸುತ್ತಿಬರುವ ಅಗತ್ಯವಿಲ್ಲ. ಬಜೆಟ್ ಕತ್ತರಿಸುವವನಿಗೆ ಇಷ್ಟು ಲೆಕ್ಕ ಬರುತ್ತದೆ. ಲಾಭದ ಮಾತಿನಿಂದ ವಾದ ಶುರು ಮಾಡಿದರೆ ಲಾಭದ ಮಾತಿನಲ್ಲೇ ಸೋಲುತ್ತೀರಿ. ಡಾರ್ಕ್ ಎನರ್ಜಿಯಿಂದ ಯಾರ ಮನೆಗೂ ಕರೆಂಟು ಬರುವುದಿಲ್ಲ. ಅದನ್ನು ಮೊದಲ ಸಾಲಿನಲ್ಲೇ ಹೇಳಿ. ವಿಶ್ವದ ಮೂರನೇ ಎರಡು ಪಾಲಿನಷ್ಟು ಏನೆಂದು ತಿಳಿದಿಲ್ಲ, ತಿಳಿದುಕೊಳ್ಳುವ ಉಪಕರಣಕ್ಕೆ ಇಷ್ಟಾಗುತ್ತದೆ ಎನ್ನಿ. ಬೇಡವೆನ್ನುವವರು ಬೇಡವೆನ್ನಲಿ, ಏನನ್ನು ಬೇಡ ಎನ್ನುತ್ತಿದ್ದೇವೆಂದು ತಿಳಿದು ಹೇಳಲಿ.

'ಭೇದಿಸುವ ಹಂತ' ಎಂಬ ಸುಳ್ಳಿಗೂ ಬೆಲೆಯಿದೆ. 2025ರ ಮಾರ್ಚಿನಲ್ಲಿ ಅರಿಜೋನಾದ ಡೆಸಿ ಎಂಬ ಸಮೀಕ್ಷೆ, ಈ ಶಕ್ತಿ ಕಾಲಕ್ರಮೇಣ ಕ್ಷೀಣಿಸುತ್ತಿರಬಹುದು ಎಂಬ ಸುಳಿವು ಕೊಟ್ಟಿತು. ಸುಳಿವು ಮಾತ್ರ, ಆವಿಷ್ಕಾರ ಎನ್ನಲು ಬೇಕಾದ ಖಚಿತತೆ ಇನ್ನೂ ಬಂದಿಲ್ಲ. ಭೇದಿಸಿಯೇಬಿಟ್ಟಿದ್ದಾರೆ ಎಂದು ಓದಿಕೊಂಡವರಿಗೆ ಈ ಸುದ್ದಿಯಲ್ಲಿ ಕೇಳಿಸುವುದು 'ವಿಜ್ಞಾನಿಗಳು ಮಾತು ಬದಲಿಸಿದರು' ಎಂದಷ್ಟೇ. ಗೊತ್ತಿಲ್ಲ ಎಂದು ಮೊದಲೇ ಹೇಳಿಸಿಕೊಂಡವರಿಗೆ ಮಾತ್ರ ಇದು ಸುದ್ದಿ.

ಆ ಲೇಖನ ಕೊನೆಗೆ ಪ್ರಕಟವಾಯಿತು. 'ಕರಾಳ ಶಕ್ತಿ' ಶೀರ್ಷಿಕೆಯಲ್ಲೇ ಇದೆ. ಪ್ಯಾರಾ ಬರೆಯುವುದಿಲ್ಲ ಎಂದಿದ್ದಕ್ಕೆ ಬೇರೆ ಯಾರಿಂದಲೋ ಬರೆಸಿದ್ದಾರೆ, ಅದರಲ್ಲಿ ಟೆಫ್ಲಾನ್ ಇದೆ. ಅನುವಾದಕರ ಹೆಸರು ಹಾಕುವ ಪದ್ಧತಿ ಅವರಲ್ಲಿಲ್ಲ. ಬಾಕಿ ದುಡ್ಡಿಗೆ ಎರಡು ಸಲ ಮೇಲ್ ಮಾಡಿದ್ದೇನೆ.