ನೆರೆದ ಜನ, ನೆರವಾಗುವ ಜನ

ಸಾವಿರಾರು ಜನ ಒಂದೆಡೆ ಕೂಡಿದರೆಂದರೆ ದೊಡ್ಡವರ ಹುಬ್ಬು ಗಂಟಾಗುತ್ತದೆ. ಗದ್ದಲ, ನೂಕುನುಗ್ಗಲು, ಕಿಸೆಗಳ್ಳರು ಎಂದು ಮಾತು ಮೊದಲಾಗುತ್ತದೆ. ದುಡಿಯುವ ಜನರ ಗುಂಪು ಶಿಸ್ತಿಲ್ಲದ ಮಂದೆ ಎಂಬ ಈ ತಾತ್ಸಾರವನ್ನು ನಾವು ಒಪ್ಪಲಾರೆವು. ಅದಕ್ಕೆ ಆಧಾರ ಹುಡುಕುತ್ತ ದೂರ ಹೋಗಬೇಕಾಗಿಯೂ ಇಲ್ಲ. ರಾಯಬಾಗ ತಾಲೂಕಿನ ದಿಗ್ಗೇವಾಡಿಯವರಿಗೆ ಮಿರಜ ನೆರೆಯೂರಿದ್ದಂತೆ. ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿದರೆ ರೈಲು ಅಲ್ಲಿಗೆ ಮುಟ್ಟುತ್ತದೆ.

ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದ ಊರದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರುಸಿನ ಕಾಲಕ್ಕೆ ಅವರ ಸ್ಮರಣೆಗೆಂದು ಅಲ್ಲಿ ಸಂಗೀತಸಭೆ ಕೂಡುತ್ತದೆ. ಅವರ ಶಿಷ್ಯರಾದ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಹಾಡಿಕೆ ನಡೆಯುತ್ತದೆ.

ಇಂಥ ಸಭೆಗಳಲ್ಲಿ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನ ಪಕ್ಕದಲ್ಲಿ ಅಂಗಡಿಯ ಬಾಗಿಲು ಹಾಕಿ ಬಂದ ವ್ಯಾಪಾರಿ ಕೂಡುತ್ತಾನೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೂ ಒಬ್ಬರು ಸರಿದು ಜಾಗ ಕೊಡುತ್ತಾರೆ, ಇನ್ನೊಬ್ಬರು ತಂಬಿಗೆಯ ನೀರು ಚಾಚುತ್ತಾರೆ. ತೂಕಡಿಸುವ ಮಗುವಿಗೆ ಯಾರದೋ ಕಂಬಳಿ ಸಿಗುತ್ತದೆ. ಕನ್ನಡವೋ ಮರಾಠಿಯೋ, ಯಾವ ಜಾತಿಯೋ ಎಂದು ಆ ಹೊತ್ತಿಗೆ ಯಾರು ಕೇಳುತ್ತಾರೆ?

ಈ ಔದಾರ್ಯದ ಋಣ ಸಂಗೀತದ ಮೇಲೆಯೂ ಇದೆ. 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನು ಅರಸುತ್ತ ಮನೆಬಿಟ್ಟು ಹೊರಟಾಗ ದಾರಿಯಲ್ಲಿ ಕೈ ಹಿಡಿದವರು ಗುರುತು ಪರಿಚಯವಿಲ್ಲದ ರೈಲು ಪ್ರಯಾಣಿಕರು. ಮುಂದೆ ಸವಾಯಿ ಗಂಧರ್ವರ ಶಿಷ್ಯನಾದ ಆ ಹುಡುಗ ಭಾರತರತ್ನನಾದ. ಅಂದು ದುಡ್ಡು ಕೊಟ್ಟವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ಸಾಗರದಾಚೆಯೂ ಮಾತು ಇದೇ. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ 4 ಲಕ್ಷದಷ್ಟು ಜನ ಕೂಡಿ ಆಹಾರ ಸಾಲದಾದಾಗ, ಸುತ್ತಲಿನ ಊರವರು ರೊಟ್ಟಿ, ಮೊಟ್ಟೆ ಕಳಿಸಿಕೊಟ್ಟರು.

ಆದರೆ ನಾವು ಇಲ್ಲಿಗೇ ನಿಲ್ಲಲಾರೆವು. ಜನರ ಒಳ್ಳೆಯತನವನ್ನು ಹೊಗಳಿ ಕೈತೊಳೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. 2010ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗಿನ ಸಂಗೀತೋತ್ಸವದಲ್ಲಿ ಒಳಹೋಗುವ ದಾರಿ ಇಕ್ಕಟ್ಟಾಗಿ 21 ಜನ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದ 11 ಜನ ಕಾಲ್ತುಳಿತಕ್ಕೆ ಬಲಿಯಾದರು. ಅಲ್ಲಿ ಸೇರಿದವರು ಕೆಟ್ಟವರಾಗಿದ್ದರೇನು? ಒಂದು ಚದರ ಮೀಟರಿನಲ್ಲಿ 5–6 ಜನರಿಗಿಂತ ಹೆಚ್ಚು ನಿಂತರೆ ಗುಂಪು ನೀರಿನಂತೆ ಹೊಯ್ದಾಡತೊಡಗುತ್ತದೆ. ಯಾರ ಕಾಲೂ ಅವರ ಹತೋಟಿಯಲ್ಲಿ ಉಳಿಯುವುದಿಲ್ಲ. ಆಗ ಬಿದ್ದವನನ್ನು ಎತ್ತಬೇಕೆಂಬ ಮನಸ್ಸಿದ್ದರೂ ಬಾಗಲು ಸ್ಥಳವಿರುವುದಿಲ್ಲ. ಮನುಷ್ಯತ್ವ ಕೆಲಸ ಮಾಡಬೇಕಾದರೂ ಒಂದು ಮೊಳ ಜಾಗ ಬೇಕು. ಆ ಜಾಗವನ್ನು ಒದಗಿಸುವುದು ಸಭೆ ಕೂಡಿಸಿದವರ ಮತ್ತು ಸರಕಾರದ ಹೊಣೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಸಂಗೀತಸಭೆಯಿರಲಿ, ಚಿಂಚಲಿ ಮಾಯಕ್ಕನ ಜಾತ್ರೆಯಿರಲಿ, ಒಳಹೋಗಲು ಒಂದು ದಾರಿ, ಹೊರಬರಲು ಇನ್ನೊಂದು ದಾರಿ ಇರಬೇಕು. ಕುಡಿಯುವ ನೀರು, ದೀಪ, ಪ್ರಥಮೋಪಚಾರ, ತಪ್ಪಿಸಿಕೊಂಡ ಮಕ್ಕಳಿಗೊಂದು ಠಾವು ಇರಬೇಕು. ಮುಂದಿನ ಸಾಲಿನ ಸೋಫಾಗಳಿಗೆ ಖರ್ಚು ಮಾಡುವ ಮೊದಲು ಇವಕ್ಕೆ ಹಣ ತೆಗೆದಿಡಬೇಕು. ಮುಂಜಾನೆಯ ಪಾಳಿಗೆ ಹೋಗಬೇಕಾದವರಿಗಾಗಿ ಸಭೆ ಮುಗಿದ ಮೇಲೆ ಬಸ್ಸಿರಬೇಕು.

ನಮ್ಮ ಓದುಗರಿಗೂ ಒಂದು ಮಾತು. ಕಾರ್ಮಿಕ ಸಂಘಗಳ ತರುಣರು ಇಂಥಲ್ಲಿ ಸ್ವಯಂಸೇವಕರಾಗಿ ನಿಲ್ಲಲಿ. ಅಂಗಡಿಕಾರರು ಬಾಗಿಲ ಮುಂದೊಂದು ನೀರಿನ ಕೊಡ ಇಡಲಿ. ಒಬ್ಬರಿಗೊಬ್ಬರು ಆಗುವ ಗುಣ ನಮ್ಮ ಜನರಲ್ಲಿ ಮೊದಲೇ ಇದೆ. ಅದನ್ನು ಸಂಘಟಿಸುವ ಕೆಲಸ ನಮ್ಮದು. ಅದರ ಮರೆಯಲ್ಲಿ ಹೊಣೆಗೇಡಿಗಳು ಅಡಗದಂತೆ ನೋಡಿಕೊಳ್ಳುವ ಕೆಲಸವೂ ನಮ್ಮದೇ.