ಗೃಹಸ್ಥರ ಪುಟ: ವೃದ್ಧರ ಡೈಪರಿಗೆ ಒಳಪಟ್ಟಿ

ಈ ತಿಂಗಳ ವಿಷಯದ ಹೆಸರನ್ನು ಓದಿದೊಡನೆಯೇ ನಮ್ಮ ವಾಚಕರಲ್ಲಿ ಕೆಲವರು ಪುಟವನ್ನು ಮಗುಚಿಬಿಡಬಹುದೆಂಬ ಶಂಕೆ ನಮಗುಂಟು. ಆದರೆ ಎಂಬತ್ತು ದಾಟಿದ ತಾಯಿಯನ್ನೋ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ತಂದೆಯನ್ನೋ ಮನೆಯಲ್ಲಿಟ್ಟುಕೊಂಡು ಸಾಕುತ್ತಿರುವವರು ಹಾಗೆ ಮಗುಚಲಾರರು. ಅವರಿಗೆ ಇದು ಪ್ರತಿ ರಾತ್ರಿಯ ಚಿಂತೆ. ನಾಚಿಕೊಳ್ಳುವುದಕ್ಕೂ ಇಲ್ಲಿ ಕಾರಣವಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ವಿವರಿಸುವ ಒಂದು ಅಧ್ಯಾಯವೇ ಇದೆ. ಆ ಗಣನೆಯಲ್ಲಿ ಮೂತ್ರವೇಗವೇ ಮೊದಲನೆಯದು. ಶಾಸ್ತ್ರಕಾರರು ಸಂಕೋಚವಿಲ್ಲದೆ ಹೆಸರಿಸಿದ್ದನ್ನು ನಾವು ಪಿಸುಮಾತಿನಲ್ಲಿ ಆಡಬೇಕಾಗಿಲ್ಲ. ಪ್ರಾಯದವನು ತಡೆಯಬಾರದ ಆ ವೇಗವನ್ನು ವೃದ್ಧನು ತಡೆಯಲಾರನು, ಭೇದವಿರುವುದು ಇಷ್ಟೇ.

ನಮ್ಮ ತಾಯಿಯವರಿಗೆ ಈಗ ಎಂಬತ್ತಾರು ವರ್ಷ. ಎರಡು ವರ್ಷಗಳ ಹಿಂದೆ ಅವರು ಸೊಂಟದ ಮೂಳೆ ಮುರಿದುಕೊಂಡ ಮೇಲೆ ರಾತ್ರಿಯಲ್ಲಿ ಎದ್ದು ಹೋಗುವುದು ಅಸಾಧ್ಯವಾಯಿತು. ಡೈಪರ್ ಹಾಕತೊಡಗಿದೆವು. ಆದರೂ ನಸುಕಿನಲ್ಲಿ ಹಾಸಿಗೆ ಒದ್ದೆಯಾಗುತ್ತಿತ್ತು. ಒಳಗೆ ಇನ್ನೊಂದು ಪ್ಯಾಡನ್ನು ಇಟ್ಟರೆ ಸರಿಹೋದೀತೆಂದು ಯಾರೋ ಹೇಳಲಾಗಿ, ಔಷಧದ ಅಂಗಡಿಯಲ್ಲಿ ಅಗ್ಗವಾಗಿ ದೊರೆತ ದಪ್ಪನೆಯ ಪ್ಯಾಡುಗಳ ಕಟ್ಟೊಂದನ್ನು ತಂದೆವು. ಅಂದಿನ ರಾತ್ರಿ ಹಾಸಿಗೆ ಮೊದಲಿಗಿಂತಲೂ ಹೆಚ್ಚಾಗಿ ನೆನೆಯಿತು. ಬೇಸರದಿಂದ ನಾವು, "ನೀರು ಕುಡಿಯುವುದನ್ನಾದರೂ ಸ್ವಲ್ಪ ಕಡಿಮೆ ಮಾಡಬಾರದೆ, ಅಮ್ಮ?" ಎಂದುಬಿಟ್ಟೆವು. ಅವರು ಏನನ್ನೋ ಹೇಳಹೊರಟರು. ನಾವು ನಿಂತು ಕೇಳಲಿಲ್ಲ. ಮರುದಿನದಿಂದ ಅವರು ಸಂಜೆಯ ಮೇಲೆ ನೀರನ್ನೇ ಮುಟ್ಟಲಿಲ್ಲ. ನಮ್ಮ ಮನೆಯಾಕೆಗೆ ರಾತ್ರಿಯಲ್ಲಿ ತೊಂದರೆಯಾಗಬಾರದೆಂದು ಬಾಯಾರಿಕೆಯನ್ನು ನುಂಗಿಕೊಂಡು ಮಲಗತೊಡಗಿದರು. ಇದು ನಮಗೆ ತಿಳಿದುದು ವಾರ ಕಳೆದ ಮೇಲೆ, ಅದೂ ಸೊಸೆಯ ಬಾಯಿಂದ.

ತಪ್ಪು ತಾಯಿಯವರದಾಗಿರಲಿಲ್ಲ, ನಮ್ಮದಾಗಿತ್ತು. ಒಂದು ದಿನ ಬೆಳಿಗ್ಗೆ ಡೈಪರನ್ನು ಬಿಚ್ಚಿ ನೋಡಿದಾಗ ಒಳಗಿನ ಪ್ಯಾಡು ತುಂಬಿ ಉಬ್ಬಿತ್ತು, ಹಾಸಿಗೆ ನೆನೆದಿತ್ತು, ನಡುವಿನ ಡೈಪರ್ ಮಾತ್ರ ಬಹುಪಾಲು ಒಣಗಿಯೇ ಇತ್ತು! ನಾವು ತಂದಿದ್ದ ಪ್ಯಾಡಿನ ಬೆನ್ನಿಗೆ ನೀರು ದಾಟದ ಪ್ಲಾಸ್ಟಿಕ್ಕಿನ ಹಾಳೆಯಿತ್ತು. ಒಳ ಉಡುಪಿನ ಮೇಲೆ ಒಂಟಿಯಾಗಿ ಧರಿಸುವುದಕ್ಕೆ ಮಾಡಿದ ಪ್ಯಾಡು ಅದು. ತಾನು ತುಂಬಿದ ಮೇಲೆ ಕೆಳಗಿನ ಡೈಪರಿಗೆ ದ್ರವವನ್ನು ಬಿಟ್ಟುಕೊಡದೆ ಪಕ್ಕಕ್ಕೆ ಚೆಲ್ಲುತ್ತಿತ್ತು. ಬೂಸ್ಟರ್ ಪ್ಯಾಡ್ ಎಂದು ಮಾರಾಟವಾಗುವ ನಿಜವಾದ ಒಳಪಟ್ಟಿಗೆ ಈ ಹಾಳೆ ಇರುವುದಿಲ್ಲ. ಅದು ತನ್ನ ಶಕ್ತಿಯಿದ್ದಷ್ಟನ್ನು ಹೀರಿಕೊಂಡು, ಮಿಕ್ಕಿದ್ದನ್ನು ಕೆಳಗಿನ ಡೈಪರಿಗೆ ಇಳಿಸುತ್ತದೆ. ಕೆರೆಗೆ ಕೋಡಿಯಿದ್ದರೆ ತುಂಬಿದ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಕೋಡಿಯಿಲ್ಲದಿದ್ದರೆ ಏರಿಯ ಮೇಲೆ ಹರಿದು ಊರನ್ನು ಕೆಡಿಸುತ್ತದೆ. ಕೊಳ್ಳುವವರು ಮೊದಲು ನೋಡತಕ್ಕದ್ದು ಈ ಕೋಡಿಯನ್ನೇ. ಪೊಟ್ಟಣದ ಮೇಲೆ ಬೂಸ್ಟರ್ ಎಂಬ ಹೆಸರಿರಬೇಕು. ಪಟ್ಟಿಯ ಬೆನ್ನು ನುಣುಪಾದ ಪ್ಲಾಸ್ಟಿಕ್ಕಾಗಿರದೆ ಬಟ್ಟೆಯಂತಿರಬೇಕು. ಜರುಗದಂತೆ ಅಂಟಿಸಲು ಬೆನ್ನಿನಲ್ಲೊಂದು ಕಿರಿದಾದ ಅಂಟಿನ ಗೆರೆ ಇದ್ದರೆ ಬಾಧಕವಿಲ್ಲ.

ಸಂಶಯವಿದ್ದರೆ ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಪಟ್ಟಿಯನ್ನಿಟ್ಟು ಮೆಲ್ಲಮೆಲ್ಲನೆ ನೀರು ಹೊಯ್ಯಿರಿ. ಪಟ್ಟಿ ತುಂಬಿದ ಮೇಲೆ ಅದರ ಕೆಳಗೆ ನಡುಭಾಗದಲ್ಲಿ ಬಟ್ಟೆ ನೆನೆದಿದ್ದರೆ ಪಟ್ಟಿ ಯೋಗ್ಯವಾದುದು. ಅಂಚಿನ ಸುತ್ತ ಮಾತ್ರ ನೆನೆದಿದ್ದರೆ ಅಯೋಗ್ಯ. ಆದರೆ ಬರಿಯ ನೀರು ಬೇಡ. ಒಂದು ಲೀಟರಿಗೆ 9 ಗ್ರಾಮಿನಂತೆ, ಎಂದರೆ ಸುಮಾರು ಒಂದೂವರೆ ಟೀ ಚಮಚೆಯಷ್ಟು, ಉಪ್ಪನ್ನು ಕರಗಿಸಿಕೊಳ್ಳಬೇಕು. ಏಕೆಂದರೆ ಇಂತಹ ಪಟ್ಟಿಗಳಲ್ಲಿ ಮರದ ನಾರಿನ ಅರಳೆಯೊಂದಿಗೆ ಸಾಮಾನ್ಯವಾಗಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿಯನ್ನು ಬೆರೆಸಿರುತ್ತಾರೆ. 1960ರ ದಶಕದಲ್ಲಿ ಅಮೇರಿಕದ ಕೃಷಿ ಇಲಾಖೆಯವರು ಹೊಲದ ಮಣ್ಣಿನಲ್ಲಿ ತೇವವನ್ನು ಉಳಿಸುವ ಪದಾರ್ಥವನ್ನು ಅರಸಿ ಮಾಡಿದ ಸಂಶೋಧನೆಯಿಂದ ಹುಟ್ಟಿದ ವರ್ಗ ಇದು. ಈ ಪುಡಿಯು ಶುದ್ಧಜಲವನ್ನು ತನ್ನ ತೂಕದ ನೂರಾರು ಪಾಲು ಹೀರಿ ಲೋಳೆಯಾಗುತ್ತದೆ. ಉಪ್ಪಿರುವ ದ್ರವವನ್ನಾದರೋ ಕೆಲವು ಹತ್ತು ಪಾಲು ಮಾತ್ರ. ಮೂತ್ರದಲ್ಲಿ ಲವಣವಿರುವುದರಿಂದ, ಬರಿಯ ನೀರಿನ ಪರೀಕ್ಷೆಯು ನಮ್ಮನ್ನು ಮೋಸಗೊಳಿಸೀತು.

ಎಷ್ಟು ಹೀರುವ ಪಟ್ಟಿ ಬೇಕೆಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಅಂಗಡಿಯವನಲ್ಲ, ನಿಮ್ಮ ಮನೆಯ ತಕ್ಕಡಿ ಉತ್ತರ ಕೊಡಬೇಕು. ಒಣ ಡೈಪರನ್ನು ತೂಗಿ ಬರೆದಿಡಿ. ಬೆಳಿಗ್ಗೆ ಬಿಚ್ಚಿದ್ದನ್ನು ಒಂದು ಚೀಲದಲ್ಲಿ ಹಾಕಿ ಮತ್ತೆ ತೂಗಿ. ಮೂತ್ರದ ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿಲೀಟರೇ ಆದುದರಿಂದ ಲೆಕ್ಕ ಸುಲಭ. ನಮ್ಮ ಮನೆಯಲ್ಲಿ ಒಣ ಡೈಪರ್ 120 ಗ್ರಾಂ ಇತ್ತು. ಮೂರು ರಾತ್ರಿಗಳಲ್ಲಿ ಕ್ರಮವಾಗಿ 610, 700, 650 ಗ್ರಾಂ ಬಂದಿತು. ಎಂದರೆ 490ರಿಂದ 580 ಮಿಲಿಲೀಟರು, ಹಾಸಿಗೆಗೆ ಹೋದುದು ಬೇರೆ. ರಾತ್ರಿಯಲ್ಲಿ ಇಷ್ಟೇಕೆಂದು ಆಶ್ಚರ್ಯಪಡಬೇಕಾದುದಿಲ್ಲ. ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರಿನಂಶವು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುವುದು ವೃದ್ಧರಲ್ಲಿ ಸಾಮಾನ್ಯ. ಇನ್ನು ಪೊಟ್ಟಣದ ಮೇಲೆ ಅಚ್ಚಾದ ಮಿಲಿಲೀಟರುಗಳನ್ನು ಅಕ್ಷರಶಃ ನಂಬಬಾರದು. ಅಂತಹ ಅಂಕಿಗಳು ಅನೇಕವೇಳೆ ಪ್ರಯೋಗಶಾಲೆಯಲ್ಲಿ ವಸ್ತುವನ್ನು ಪೂರ್ತಿಯಾಗಿ ಮುಳುಗಿಸಿ, ಸೋರಲು ಬಿಟ್ಟು, ತೂಗಿ ಕಂಡವು. ಮನುಷ್ಯನು ಮೇಲೆ ಮಲಗಿ ಅದುಮುವಾಗ, ಒಂದೇ ಸ್ಥಳದಲ್ಲಿ ರಭಸವಾಗಿ ಬೀಳುವಾಗ, ಅಷ್ಟು ಹಿಡಿಯಲಾರದು. ಆದ್ದರಿಂದ ತೂಗಿ ಕಂಡ ಅಳತೆಗಿಂತ ಧಾರಾಳವಾದ ಅಂತರವನ್ನಿಟ್ಟುಕೊಂಡು ಆರಿಸಬೇಕು. ಮೊದಲು ಸಣ್ಣ ಕಟ್ಟೊಂದನ್ನೇ ಕೊಳ್ಳಬೇಕು.

ನಾವು ಯೋಗ್ಯವಾದ ಪಟ್ಟಿಯನ್ನೇ ತಂದೆವು. ಆದರೂ ಹಾಸಿಗೆಯಲ್ಲಿ ಅಂಗೈಯಗಲದ ಒದ್ದೆ ಉಳಿಯುತ್ತಿತ್ತು. ಎರಡು ಪಟ್ಟಿಗಳನ್ನಿಡೋಣವೆಂದು ಹೊರಟಾಗ ತಾಯಿಯವರು, "ಎಡಮಗ್ಗುಲಿಗೇ ಹರಿಯುತ್ತೆ ಕಣಪ್ಪಾ, ನಾನು ಆ ಕಡೆಗಲ್ಲವೆ ಮಲಗೋದು? ಅವತ್ತೂ ಅದನ್ನೇ ಹೇಳೋಕೆ ಬಂದೆ" ಎಂದರು. ಮುರಿದ ಸೊಂಟ ಬಲಗಡೆಯದು. ಅವರು ರಾತ್ರಿಯೆಲ್ಲ ಎಡಕ್ಕೇ ಹೊರಳಿರುತ್ತಿದ್ದರು. ಮತ್ತೆ ನೋಡಿದೆವು, ಡೈಪರಿನ ಬಲಭಾಗ ಒಣಗಿತ್ತು, ಪಟ್ಟಿಯ ಎಡದ ಅಂಚು ತೊಡೆಯ ಪಕ್ಕದ ನಿರಿಗೆಯಂಚನ್ನು ತುಳಿದು ಮಲಗಿಸಿಬಿಟ್ಟಿತ್ತು. ಆ ನಿರಿಗೆಗಳು ನಿಂತಿದ್ದರೆ ಮಾತ್ರ ಕಟ್ಟೆಯ ಕೆಲಸ ಮಾಡುತ್ತವೆ. ಪಟ್ಟಿಯು ಸರ್ವಥಾ ಅವುಗಳ ಒಳಗೇ ಅಡಗಬೇಕು. ಆದಕಾರಣ ಕಿರಿದಾದ ಪಟ್ಟಿಯನ್ನು ಆರಿಸಿ, ನಿರಿಗೆಯೊಳಗೆ ಎಷ್ಟು ಎಡಕ್ಕೆ ಸರಿದೀತೋ ಅಷ್ಟು ಸರಿಸಿದೆವು. ಗಂಡಸರಿಗಾದರೆ ಪಟ್ಟಿಯನ್ನು ಮುಂಭಾಗಕ್ಕೆ ಹೆಚ್ಚಾಗಿ ಎಳೆದಿಡಬೇಕು. ಅಂಗಾತ ಮಲಗುವವರಿಗೆ ಹಿಂದಕ್ಕೆ. ಹೆಚ್ಚು ಹಿಡಿಯಲೆಂದು ದೊಡ್ಡ ಅಳತೆಯ ಡೈಪರನ್ನು ಕೊಳ್ಳುವುದೂ ತಪ್ಪು. ತೊಡೆಯಲ್ಲಿ ಸಂದು ಬಿಟ್ಟು ಅದೇ ಸೋರುತ್ತದೆ. ಪಟ್ಟಿಯ ಮೇಲೆ ಪಟ್ಟಿಯನ್ನು ಪೇರಿಸಿದರೂ ಡೈಪರ್ ಮೈಯಿಂದ ಎದ್ದು ಅದೇ ಗತಿ. ಹಗಲೂ ರಾತ್ರಿಯೂ ಪಟ್ಟಿಯಿಲ್ಲದೆ ನಡೆಯದೆಂದಾದರೆ, ಡೈಪರು ಮತ್ತು ಪಟ್ಟಿ ಇವೆರಡರ ಬೆಲೆಯನ್ನು ಕೂಡಿ, ಹೆಚ್ಚು ಹೀರುವ ರಾತ್ರಿಯ ಡೈಪರಿನ ಬೆಲೆಯೊಂದಿಗೆ ಹೋಲಿಸಿ ನೋಡತಕ್ಕದ್ದು.

ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನವು ಉಪಕಾರಕ್ಕೆ ಬದಲಾಗಿ ಅಪಕಾರವನ್ನೇ ಮಾಡೀತು. ಒಳಪಟ್ಟಿಯು ರೋಗಿಗೂ ನೋಡಿಕೊಳ್ಳುವವರಿಗೂ ರಾತ್ರಿಯಲ್ಲಿ ಕೆಲವು ತಾಸು ನಿದ್ರೆಯನ್ನು ಕೊಡಲಿಕ್ಕಿರುವುದೇ ಹೊರತು, ಒದ್ದೆಯಲ್ಲಿ ಇನ್ನಷ್ಟು ಹೊತ್ತು ಮಲಗಿಸಲಿಕ್ಕಲ್ಲ. ತೇವವು ನಿಂತಲ್ಲಿ ಮುದಿಚರ್ಮವು ಬೇಗನೆ ನೆನೆದು ಮೆತ್ತಗಾಗಿ, ಮೂತ್ರದಿಂದುಂಟಾಗುವ ಅಮೋನಿಯದಿಂದ ಕೆಂಪಾಗಿ ಒಡೆಯುತ್ತದೆ. ಮಲ ಬಿದ್ದರಂತೂ ಪಟ್ಟಿ ಎಷ್ಟೇ ಒಣಗಿರಲಿ, ಆ ಕ್ಷಣವೇ ಬದಲಾಯಿಸಬೇಕು. ಮೆಲ್ಲಗೆ ತೊಳೆದು, ತಿಕ್ಕದೆ ಒತ್ತಿ ಒರೆಸಿ, ವೈದ್ಯರು ಹೇಳಿದ ಲೇಪವನ್ನು ತೆಳ್ಳಗೆ ಹಚ್ಚಬೇಕು. ದಪ್ಪಗೆ ಬಳಿದರೆ ಅದು ಪಟ್ಟಿಯ ಮೈಗೆ ಮೆತ್ತಿಕೊಂಡು ಹೀರುವುದನ್ನೇ ತಡೆಯುತ್ತದೆ. ಹಳೆಯ ಪಂಚೆಯ ಮಡಿಕೆಯನ್ನು ಒಳಗಿಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಗಳಿಗೆಗಳಿಗೆಗೆ ಬದಲಾಯಿಸುವ ಹಗಲಿನಲ್ಲಿ ಅದು ಸಾಕು. ಆದರೆ ಅದುಮಿದರೆ ನೀರು ಬಿಡುವ ಹತ್ತಿಬಟ್ಟೆಯು ತೇವವನ್ನು ಮೈಗೇ ಹಿಡಿಯುವುದರಿಂದ ರಾತ್ರಿಗೆ ಸಲ್ಲದು. ಬಳಸಿದ ಪಟ್ಟಿಯನ್ನು ಕಕ್ಕಸಿನಲ್ಲಿ ಹಾಕಬಾರದು. ಉಬ್ಬಿ ಕೊಳವೆಯನ್ನು ಕಟ್ಟೀತು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬೇರೆ ಕಸದೊಡನೆ ಬೆರೆಸದೆ ಕೊಡುವುದು ಪೌರಕಾರ್ಮಿಕರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ.

ಮೂತ್ರ ಹಿಡಿಯಲಾಗದಿರುವುದು ಮುಪ್ಪಿನ ಅನಿವಾರ್ಯ ಫಲವೆಂದು ಭಾವಿಸಿ ಅಂಗಡಿಗೆ ಮಾತ್ರ ಹೋಗುವುದೂ ಸರಿಯಲ್ಲ. ಮೂತ್ರನಾಳದ ಸೋಂಕು, ಸಿಹಿಮೂತ್ರ, ಮಲಬದ್ಧತೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಸಂಜೆಯಲ್ಲಿ ನುಂಗಿದ ಮೂತ್ರಕಾರಕ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು, ಇವಕ್ಕೆ ಚಿಕಿತ್ಸೆಯುಂಟು. ಒಮ್ಮೆಯಾದರೂ ವೈದ್ಯರಿಗೆ ತೋರಿಸಿರಿ. ತೂಗಿ ಬರೆದಿಟ್ಟ ಆ ಚೀಟಿಯನ್ನೂ ಒಯ್ಯಿರಿ, ಅವರಿಗೆ ಬಹಳ ಉಪಯೋಗಕ್ಕೆ ಬಂದೀತು. ವೈದ್ಯರೇ ಹೇಳಿದ ಹೊರತು ವೃದ್ಧರ ನೀರನ್ನು ಮಾತ್ರ ಕಡಿಮೆ ಮಾಡಬೇಡಿರಿ. ಗಾಢವಾದ ಮೂತ್ರವು ಮೂತ್ರಾಶಯವನ್ನು ಕೆರಳಿಸುತ್ತದೆ, ಮಲವೂ ಕಟ್ಟುತ್ತದೆ. ಕೊನೆಗೆ ಕಷ್ಟವು ಇಮ್ಮಡಿಸುತ್ತದೆ.

ಮೂವತ್ತು ವರ್ಷಗಳಿಗೂ ಮಿಕ್ಕು ಸಂಸ್ಕೃತವನ್ನು ಬೋಧಿಸುತ್ತ ನಾವು ಹುಡುಗರಿಗೆ ಹೇಳಿಕೊಟ್ಟ ಶಬ್ದಗಳಲ್ಲಿ ‘ಶುಶ್ರೂಷೆ’ ಎಂಬುದೂ ಒಂದು. ಅದರ ಧಾತು ‘ಶ್ರು’. ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಸೇವೆ ಎಂಬ ಅರ್ಥವು ಆಮೇಲೆ ಬಂದುದು. ಎಷ್ಟೋ ಸಲ ಹಲಗೆಯ ಮೇಲೆ ಬರೆದ ಈ ವ್ಯುತ್ಪತ್ತಿಯನ್ನು ನಾವು ಕಲಿತದ್ದು ತಾಯಿಯ ಹಾಸಿಗೆಯ ಪಕ್ಕದಲ್ಲಿ. ಮೊದಲನೆಯ ದಿನವೇ ನಿಂತು ಕೇಳಿದ್ದರೆ ಅವರು ಒಂದು ವಾರ ಬಾಯಾರಬೇಕಾಗಿರಲಿಲ್ಲ. ಪಟ್ಟಿಯನ್ನು ಎಡಕ್ಕೆ ಸರಿಸಿದ ಮೂರನೆಯ ಬೆಳಿಗ್ಗೆ ಹಾಸಿಗೆ ಒಣಗಿತ್ತು. ಅಂದು ರಾತ್ರಿ ಊಟವಾದ ಮೇಲೆ ತಾಯಿಯವರು ಸೊಸೆಯನ್ನು ಕರೆದು, "ಒಂದು ಲೋಟ ನೀರು ಕೊಡಮ್ಮ" ಎಂದರು. ಪೂರ್ತಿ ಕುಡಿದು ಲೋಟವನ್ನು ಕೆಳಗಿಟ್ಟರು.