ಮೊಸರನ್ನ ತಿನ್ನುವ ಬೆಕ್ಕು ಸಸ್ಯಾಹಾರಿಯಲ್ಲ

ನಮ್ಮ ಕಡೆ ಬೆಕ್ಕಿಗೆ ಊಟ ಹಾಕುವುದು ಅಂದರೆ ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ಒಂದಿಷ್ಟು ಹಾಲೋ ಮೊಸರೋ ಕಲಸಿ ಹಿತ್ತಿಲ ಕಲ್ಲಿನ ಮೇಲೆ ಸುರಿಯುವುದು. ಅಜ್ಜಿ ಐವತ್ತು ವರ್ಷ ಅದನ್ನೇ ಮಾಡಿದರು. ಬೆಕ್ಕುಗಳು ಚೆನ್ನಾಗಿಯೇ ಇದ್ದವು. ಬಂದ ನೆಂಟರ ಮುಂದೆ 'ನಮ್ಮನೆ ಬೆಕ್ಕು ಮೀನು ಮುಟ್ಟುವುದಿಲ್ಲ, ಮೊಸರನ್ನವೇ ಆಗಬೇಕು' ಅಂತ ಹೇಳಿಕೊಳ್ಳುವುದರಲ್ಲಿ ಅಜ್ಜಿಗೆ ಸಣ್ಣ ಹೆಮ್ಮೆಯೂ ಇತ್ತು. ಅದೇ ಬೆಕ್ಕು ರಾತ್ರಿ ಅಟ್ಟದ ಮೇಲೆ, ತೋಟದ ಕಾದಿಗೆಯ ಪಕ್ಕ ಏನು ಮಾಡುತ್ತಿತ್ತು ಅಂತ ಯಾರೂ ಕೇಳುತ್ತಿರಲಿಲ್ಲ. ಇಲಿ, ಹಲ್ಲಿ, ಓತಿಕ್ಯಾತ, ಕೈಗೆ ಸಿಕ್ಕಿದ ಹಕ್ಕಿಮರಿ. ಅದರ ನಿಜವಾದ ಊಟ ಅಲ್ಲಿತ್ತು. ನಾವು ಹಾಕುತ್ತಿದ್ದದ್ದು ಬರೀ ಚಾ-ತಿಂಡಿ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಬೆಂಗಳೂರಿನ ಏಳನೇ ಮಹಡಿಯಲ್ಲಿರುವ ಒಂದು ಬೆಕ್ಕು. ನನ್ನ ದೊಡ್ಡಮ್ಮನ ಮಗಳು ಎರಡು ವರ್ಷದ ಹಿಂದೆ ರಾಗ್‌ಡಾಲ್ ಮರಿಯೊಂದನ್ನು ತಂದಳು. ಮುದ್ದಣ ಅಂತ ಹೆಸರಿಟ್ಟಳು. ನಾನು ಮೊದಲ ಸಲ ನೋಡಲು ಹೋದಾಗ ಅದು ಬೆಕ್ಕು ಅಂತ ನಂಬುವುದೇ ಕಷ್ಟವಾಯಿತು. ಊರಿನ ಬೆಕ್ಕನ್ನು ಎತ್ತಿಕೊಳ್ಳಲು ಹೋದರೆ ಮೊಣಕೈವರೆಗೆ ಗೀರು ಗ್ಯಾರಂಟಿ. ಇದು ಎತ್ತಿಕೊಂಡ ಕೂಡಲೇ ಒದ್ದೆ ಟವೆಲ್ಲಿನ ಹಾಗೆ ಕೈಮೇಲೆ ಜೋತು ಬಿತ್ತು. ನೀಲಿ ಕಣ್ಣು, ಮೊಲದ ಹಾಗೆ ಮೆತ್ತನೆ ಕೂದಲು, ಮುಖ-ಕಿವಿ-ಬಾಲ ಮಾತ್ರ ಕಂದು. ಬಾಗಿಲ ಬೆಲ್ ಆದರೆ ನಾಯಿಯ ಹಾಗೆ ಓಡಿ ಬರುತ್ತದೆ, ಅಡುಗೆಮನೆಯಿಂದ ಬಚ್ಚಲಿನವರೆಗೆ ಹಿಂದೆ ಹಿಂದೆಯೇ.

ಚಿಂದಿ ಬೊಂಬೆ ಅಂತಲೇ ಆ ತಳಿಯ ಹೆಸರಿನ ಅರ್ಥ. ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಎಂಬಲ್ಲಿ 1960ರ ದಶಕದಲ್ಲಿ ಆನ್ ಬೇಕರ್ ಎಂಬ ಮಹಿಳೆ ಜೋಸೆಫೀನ್ ಎಂಬ ಉದ್ದ ಕೂದಲಿನ ಬೆಕ್ಕಿನ ಮರಿಗಳಿಂದ ಶುರುಮಾಡಿ ಬೆಳೆಸಿದ ತಳಿ ಇದು. ಗಂಡು ಒಂಬತ್ತು ಕೆಜಿವರೆಗೆ ತೂಗಬಹುದು. ಪೂರ್ತಿ ಬೆಳೆಯಲು ಮೂರ್ನಾಲ್ಕು ವರ್ಷ ಬೇಕು. ಇದಕ್ಕೆ ನೋವೇ ಗೊತ್ತಾಗುವುದಿಲ್ಲ ಎಂಬ ಕತೆಯೂ ಹಿಂದಿನಿಂದ ಹಬ್ಬಿದೆ. ಅದು ಶುದ್ಧ ಸುಳ್ಳು. ನೋವಾಗುತ್ತದೆ, ಆದರೆ ಹೇಳಿಕೊಳ್ಳುವುದಿಲ್ಲ ಅಷ್ಟೆ. ಈ ಸೌಮ್ಯ ಸ್ವಭಾವದಿಂದಲೇ ಇಂಥ ಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ನಾಯಿ ಬಂದರೂ ಓಡುವ ಬುದ್ಧಿ ಕಡಿಮೆ. ಮನೆಯೊಳಗೇ ಇರಬೇಕು, ನಾವು ಹಾಕಿದ್ದನ್ನೇ ತಿನ್ನಬೇಕು.

ಸಮಸ್ಯೆ ಶುರುವಾದದ್ದೇ ಇಲ್ಲಿ. ಅಕ್ಕನ ಮನೆಯವರು ಕಟ್ಟಾ ಸಸ್ಯಾಹಾರಿಗಳು. ಮರಿಯ ಜೊತೆ ಕೊಟ್ಟಿದ್ದ ಪ್ಯಾಕೆಟ್ ಆಹಾರ ಮುಗಿಯುವವರೆಗೆ ಹೇಗೋ ನಡೆಯಿತು. ಪ್ಯಾಕೆಟ್ಟಿನ ಹಿಂದೆ ಕೋಳಿ, ಮೀನು ಅಂತ ಬರೆದದ್ದನ್ನು ಅವಳ ಅತ್ತೆ ಓದಿದ ದಿನ ಅದು ಮನೆಯಿಂದ ಹೊರಗೆ ಹೋಯಿತು. 'ಊರಲ್ಲಿ ಬೆಕ್ಕುಗಳು ಅನ್ನ-ಹಾಲು ತಿಂದುಕೊಂಡು ಬದುಕಲಿಲ್ಲವಾ?' ಎಂಬ ಪ್ರಶ್ನೆಗೆ ಅಕ್ಕನ ಹತ್ತಿರ ಉತ್ತರವಿರಲಿಲ್ಲ. ಫೋನಿನಲ್ಲಿ ನನ್ನನ್ನು ಕೇಳಿದಳು. ನಾನೂ ಅಜ್ಜಿಯನ್ನು ನೆನಪಿಸಿಕೊಂಡು 'ಏನೂ ಆಗಲ್ಲ ಬಿಡು' ಅಂದೆ. ಹಾಗಾಗಿ ಈ ಲೇಖನದಲ್ಲಿ ಬೈಯಿಸಿಕೊಳ್ಳಬೇಕಾದವರಲ್ಲಿ ನಾನೂ ಒಬ್ಬ.

ಹಾಲನ್ನ, ಪನೀರ್, ಬಿಸ್ಕತ್ತು. ಮುದ್ದಣ ತಿಂದ, ದಪ್ಪವೂ ಆದ. ವರ್ಷ ಕಳೆದ ಮೇಲೆ ಸೋಫಾದಿಂದ ಕಿಟಕಿಗೆ ಹಾರುವಾಗ ಅಂದಾಜು ತಪ್ಪಿ ಬೀಳತೊಡಗಿದ. ಮೊದಮೊದಲು ಎಲ್ಲರೂ ನಕ್ಕರು, ವಿಡಿಯೋ ಕೂಡ ಮಾಡಿದರು. ಆಮೇಲೆ ಸಂಜೆ ಹೊತ್ತು ಕುರ್ಚಿಯ ಕಾಲಿಗೆ ಮುಖ ತಾಗಿಸಿಕೊಳ್ಳತೊಡಗಿದಾಗ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ಕಣ್ಣಿಗೆ ಲೈಟು ಹಾಕಿ ನೋಡಿ ಕೇಳಿದ ಮೊದಲ ಪ್ರಶ್ನೆ, 'ಇದಕ್ಕೆ ಏನು ತಿನ್ನಿಸುತ್ತಿದ್ದೀರಿ?'

ಟಾರಿನ್ ಎಂಬ ಹೆಸರನ್ನು ನಾನು ಕೇಳಿದ್ದು ಆವತ್ತೇ. ಮಾಂಸ, ಮೀನು, ಅದರಲ್ಲೂ ಹೃದಯದಂಥ ಭಾಗಗಳಲ್ಲಿ ಇರುವ ಒಂದು ಆಮ್ಲ ಅದು. ನಮ್ಮ ದೇಹ, ನಾಯಿಯ ದೇಹ ಸಾಮಾನ್ಯವಾಗಿ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅನ್ನದಲ್ಲಿ, ಬೇಳೆಯಲ್ಲಿ ಅದು ಇಲ್ಲ. 1975ರಲ್ಲೇ ವಿಜ್ಞಾನಿಗಳು ಇದನ್ನು ಕಂಡುಕೊಂಡಿದ್ದರು. ಬೆಕ್ಕುಗಳಿಗೆ ಅವರು ಕೊಟ್ಟದ್ದು ಕೇಸಿನ್, ಅಂದರೆ ಹಾಲಿನದೇ ಪ್ರೋಟೀನು. ಅದನ್ನೇ ನಂಬಿದ ಬೆಕ್ಕುಗಳ ಅಕ್ಷಿಪಟಲ ಹಾಳಾಯಿತು. 1987ರಲ್ಲಿ ಇದೇ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಅಂತಲೂ ಗೊತ್ತಾಗಿ, ಪ್ಯಾಕೆಟ್ ಆಹಾರ ಮಾಡುವವರು ಅದಕ್ಕೆ ಟಾರಿನ್ ಹೆಚ್ಚಿಸಿದರು. ಕ್ಯಾರೆಟ್ಟಿನಿಂದ ವಿಟಮಿನ್ ಎ ಮಾಡಿಕೊಳ್ಳುವುದೂ ಬೆಕ್ಕಿಗೆ ಆಗದು. ಸಿಹಿಯ ರುಚಿಯೂ ಅದಕ್ಕೆ ತಿಳಿಯದು. ಬಿಸ್ಕತ್ತನ್ನು ಮುದ್ದಣ ತಿನ್ನುತ್ತಿದ್ದದ್ದು ಅದರ ಕೊಬ್ಬಿಗೋ ಹಾಲಿನ ವಾಸನೆಗೋ ಇರಬೇಕು, ಸಕ್ಕರೆಗಂತೂ ಅಲ್ಲ.

ಹೃದಯದ ಸ್ಕ್ಯಾನ್ ಕೂಡ ಮಾಡಿಸಿದರು. ಈ ತಳಿಗೆ ಹೃದಯದ ಸ್ನಾಯು ದಪ್ಪವಾಗುವ ವಂಶವಾಹಿ ಕಾಯಿಲೆಯೂ ಇರುತ್ತದಂತೆ, ಕೊಳ್ಳುವಾಗ ತಾಯಿ-ತಂದೆ ಬೆಕ್ಕಿಗೆ ಅದರ ಪರೀಕ್ಷೆ ಆಗಿದೆಯಾ ಅಂತ ಕೇಳಬೇಕು. ಅದನ್ನೂ ನಾವು ಕೇಳಿರಲಿಲ್ಲ. ಪುಣ್ಯಕ್ಕೆ ಹೃದಯ ಚೆನ್ನಾಗಿತ್ತು. ಕಣ್ಣಿಗೆ ಆದ ಹಾನಿ ಮಾತ್ರ ವಾಪಸು ಬರುವುದಿಲ್ಲ, ಇನ್ನು ಮುಂದೆ ಹೋಗದ ಹಾಗೆ ನೋಡಿಕೊಳ್ಳಬಹುದು ಅಂದರು.

ನನ್ನ ವಾದ ಇಷ್ಟೇ. ಮನೆಯವರು ಏನು ತಿನ್ನಬೇಕು ಅನ್ನುವುದು ಮನೆಯವರ ಆಯ್ಕೆ. ಅದನ್ನು ನಾನು ಪ್ರಶ್ನಿಸುವುದಿಲ್ಲ, ನಾನೂ ಹಾಗೇ ಬೆಳೆದವನು. ಆದರೆ ಬಾಗಿಲು ಹಾಕಿ ಸಾಕಿದ ಬೆಕ್ಕಿಗೆ ಬೇರೆ ಆಯ್ಕೆಯನ್ನೇ ನಾವು ಉಳಿಸಿರುವುದಿಲ್ಲ. ಹೊಸಿಲು ದಾಟಿ ಇಲಿ ಹಿಡಿಯುವ ಬೆಕ್ಕಿಗೆ ಹಾಲನ್ನ ಹಾಕಿ ಪುಣ್ಯ ಕಟ್ಟಿಕೊಳ್ಳಬಹುದು. ಫ್ಲ್ಯಾಟಿನ ಬೆಕ್ಕಿಗೆ ಅದನ್ನೇ ಹಾಕಿದರೆ ನಿಧಾನವಾಗಿ ಕುರುಡು ಮಾಡಿದ ಹಾಗೆ. ಮನೆಯೊಳಗೆ ಮಾಂಸದ ಪ್ಯಾಕೆಟ್ಟೂ ಬರಕೂಡದು ಅನ್ನುವವರು ದಯವಿಟ್ಟು ಮೊಲ ಸಾಕಿ. ಕ್ಯಾರೆಟ್ಟು, ಹುಲ್ಲು ತಿಂದುಕೊಂಡು ಆರಾಮಾಗಿರುತ್ತದೆ.

ಹಾಗಂತ ಬರೀ ಮೀನು ಹಾಕಿದರೂ ಸಾಲದು. ಕೆಲವು ಹಸಿ ಮೀನುಗಳು ಬಿ1 ವಿಟಮಿನ್ನನ್ನೇ ನಾಶ ಮಾಡುತ್ತವೆ. ಕೋಳಿ ಬೇಯಿಸಿದರೆ ಬೇಯಿಸಿದ ನೀರನ್ನು ಚೆಲ್ಲಬಾರದು, ಟಾರಿನ್ ಅದರಲ್ಲೇ ಇಳಿದಿರುತ್ತದೆ. ಈರುಳ್ಳಿ-ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ, ಅದು ರಕ್ತಕಣಗಳನ್ನು ಒಡೆಯುತ್ತದೆ. ನಾಯಿಯ ಆಹಾರ ಅಗ್ಗ ಅಂತ ಅದನ್ನೇ ಹಾಕುವವರೂ ಇದ್ದಾರೆ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವ ಭರವಸೆ ಇಲ್ಲ. ನನಗೆ ಕಂಡಂತೆ ಸುಲಭ ದಾರಿ 'ಸಂಪೂರ್ಣ ಆಹಾರ' ಅಂತ ಬರೆದಿರುವ ಬೆಕ್ಕಿನದೇ ಆಹಾರ. ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 60 ಗ್ರಾಂ ಒಣ ಆಹಾರ ಸಾಕು, ಪಕ್ಕದಲ್ಲಿ ಯಾವಾಗಲೂ ನೀರು. ಬದಲಾಯಿಸುವಾಗ ವಾರವಿಡೀ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಬೇಕು. 'ಹಸಿವಾದರೆ ತಾನೇ ತಿನ್ನುತ್ತದೆ' ಅಂತ ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೆ, ಅದೂ ದಪ್ಪ ಬೆಕ್ಕಾದರೆ, ಲಿವರ್ ಕೈಕೊಡುತ್ತದೆ.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಮುದ್ದಣನ ಬಟ್ಟಲು ಈಗ ಬಟ್ಟೆ ಒಗೆಯುವ ಯುಟಿಲಿಟಿಯಲ್ಲಿದೆ. ಅಡುಗೆಮನೆಗೆ ಅದು ಬರುವ ಹಾಗಿಲ್ಲ ಎಂಬ ಒಪ್ಪಂದದ ಮೇಲೆ ಅತ್ತೆ ಒಪ್ಪಿದ್ದಾರೆ. ಬೆಳಿಗ್ಗೆ ಅಕ್ಕ ಆಫೀಸಿಗೆ ಹೊರಟ ಮೇಲೆ ಅವರೇ ಮೂಗಿಗೆ ಸೆರಗು ಹಿಡಿದು, ಮುಖ ಆಚೆ ತಿರುಗಿಸಿ ಪ್ಯಾಕೆಟ್ ಸುರಿದು, ಬಟ್ಟಲಿಗೆ ಚಮಚದಿಂದ ಎರಡು ಸಲ ತಟ್ಟುತ್ತಾರೆ. ಮುದ್ದಣ ಹಾಲ್‌ನಿಂದ ಗೋಡೆಗೆ ಮೈ ಸವರಿಕೊಂಡು, ಆ ಸದ್ದನ್ನೇ ಹಿಡಿದು ಬರುತ್ತಾನೆ.